ಕೆಂಪು ದಾರದ ಕಟ್ಟು

ಜುಲೈ ೩, ಬುಧವಾರ

ಈ ಸಲ ಚೀನಾದವರು ನನ್ನ ಪಾಲಿಗೆ ‘ವೇರ್’, ಅಂದರೆ ತೊಡು, ಎಂಬ ಇಂಗ್ಲಿಷ್ ಕ್ರಿಯಾಪದ ಹಾಕಿದ್ದಾರೆ. ಅದರ ಅರ್ಥಗಳೇನು, ಎಲ್ಲೆಲ್ಲಿ ಬಳಸಬೇಕು, ಚೀನೀ ಜನ ಅದರಲ್ಲಿ ಎಲ್ಲಿ ತಪ್ಪುತ್ತಾರೆ, ಎಲ್ಲವನ್ನೂ ಉದಾಹರಣೆ ಸಮೇತ ಬರೆದು ಕಳಿಸಬೇಕು. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಬೆಳಗ್ಗೆಯಿಂದ ಕೂತರೂ ಒಂದು ಸಾಲು ಆಗಿಲ್ಲ, ಅದಕ್ಕೇ ಈ ಡೈರಿ ತೆಗೆದೆ.

ಈ ಕೆಲಸ ನನಗೆ ಸಿಕ್ಕಿದ್ದು ಜಗಳದಿಂದ. ಅಪ್ಪ ಕರಿಬಸಪ್ಪ ಭಾಗ್ಯನಗರದಲ್ಲಿ ಕೂದಲು ವ್ಯಾಪಾರ ಮಾಡುವವ. ಊರೂರಿನ ಹೆಂಗಸರು ಬಾಚಿ ಉಳಿಸಿದ ಕೂದಲು, ಕತ್ತರಿಸಿದ ಜಡೆ, ಎಲ್ಲಾ ನಮ್ಮ ಗೋದಾಮಿಗೆ ಬಂದು, ಸಿಕ್ಕು ಬಿಡಿಸಿಕೊಂಡು, ಉದ್ದಕ್ಕೆ ತಕ್ಕ ಹಾಗೆ ಕಟ್ಟಾಗಿ ಚೀನಾಕ್ಕೆ ಹೋಗುತ್ತದೆ. ಕೊಳ್ಳುವ ಕಂಪನಿಯ ದುಭಾಷಿ ಹುಡುಗಿ ಒಮ್ಮೆ ಫೋನಿನಲ್ಲಿ ಅಪ್ಪನ ತಲೆ ತಿನ್ನುತ್ತಿದ್ದಳು. ನಾನು ಫೋನು ಕಸಿದುಕೊಂಡು ಅವಳ ಇಂಗ್ಲಿಷಿನ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದೆ. ಅವಳು ಸಿಟ್ಟಾಗುವುದು ಬಿಟ್ಟು, ನಮ್ಮ ಆಫೀಸಿನವರಿಗೆಲ್ಲ ಕಲಿಸುತ್ತೀರಾ ಅಂದಳು. ರೂಬಿ ಅಂತ ಹೆಸರಿಟ್ಟುಕೊಂಡಿದ್ದಾಳೆ. ನಿಜವಾದ ಹೆಸರು ನಾನು ಉಚ್ಚರಿಸಿದರೆ ಅವಳಿಗೆ ನಗು ತಡೆಯುವುದಿಲ್ಲ. ಅದೇ ತಿಂಗಳು ಕಾಲೇಜಿನವರು ಅತಿಥಿ ಉಪನ್ಯಾಸಕಿ ಸಾಕು ಅಂತ ನನ್ನನ್ನು ಮನೆಗೆ ಕಳಿಸಿದ್ದರು. ಒಪ್ಪಿಕೊಂಡೆ.

ಸುನಿತಾ ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ. ನನಗಿಂತ ಬಹಳ ಚಿಕ್ಕವಳು. ಅವ್ವ ಹೋದ ಮೇಲೆ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದು ನಾನು. ನೆತ್ತಿಯಲ್ಲಿ ಎರಡು ಸುಳಿ, ಬೈತಲೆ ಎಂದೂ ನೆಟ್ಟಗೆ ಬಂದದ್ದಿಲ್ಲ. ಈಗ ಅವಳೇ ಮಂಗಳೂರಿನ ಸರ್ಕಾರಿ ಶಾಲೆಯಲ್ಲಿ ಟೀಚರು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು. ಎದೆಯಲ್ಲಿನ ಗಂಟು ಕ್ಯಾನ್ಸರ್ ಅಂತ ಮೇ ತಿಂಗಳಲ್ಲಿ ಗೊತ್ತಾಯಿತು. ಹುಬ್ಬಳ್ಳಿಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬರಬೇಕು. ಹೇಗೂ ಉದುರಿ ಹೋಗುತ್ತದೆ ಅಂತ, ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ಅವಳು ಅಂಗಳದಲ್ಲಿ ಕೂತು ಅಪ್ಪನ ಕೈಗೆ ಕತ್ತರಿ ಕೊಟ್ಟಳು.

“ಇದನ್ನ ಸರಕಿನಾಗ ಕೂಡಿಸಬ್ಯಾಡಪ್ಪ. ಮಕ್ಬುಲಸಾಬಗ ಕೊಟ್ಟು ನನಗೊಂದು ವಿಗ್ಗ ಮಾಡಿಸು. ನನ್ನ ಕೂದಲಾ ಹಾಕ್ಕೊಂಡು ನಾ ಸಾಲಿಗೆ ಹೋಗಾಕಿ,” ಅಂದಳು.

ಮೊಣಕಾಲು ಮುಟ್ಟುತ್ತಿದ್ದ ಕೂದಲು. ಅಪ್ಪ ಕತ್ತರಿಸಿದ. ನಾನು ಬೇಕಂತಲೇ ಅಡುಗೆಮನೆಯಲ್ಲಿದ್ದೆ.

ಜುಲೈ ೫, ಶುಕ್ರವಾರ

ರೂಬಿಯ ಜೊತೆ ವಿಡಿಯೋ ಪಾಠ. ‘ವೇರ್’ ಯಾಕೆ ಕಷ್ಟ ಅಂತ ಅವಳೇ ಬಿಡಿಸಿ ಹೇಳಿದಳು. ಅವರ ಭಾಷೆಯಲ್ಲಿ ಬಟ್ಟೆ, ಬೂಟಿಗೆ ಒಂದು ಕ್ರಿಯಾಪದ, ‘ಚ್ವಾನ್’. ಟೋಪಿ, ಚಾಳೀಸು, ಉಂಗುರಕ್ಕೆ ಇನ್ನೊಂದು, ‘ದಾಯ್’. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಒಂದೇ ಅಂದರೆ ಅವರಿಗೆ ನಂಬಿಕೆಯೇ ಬರುವುದಿಲ್ಲವಂತೆ. ನಿಮ್ಮಲ್ಲಿ ಎಷ್ಟಿವೆ ಅಂತ ಕೇಳಿದಳು. ಸೀರೆ ಉಡುತ್ತೇವೆ, ಕುಪ್ಪಸ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ರುಮಾಲು ಸುತ್ತುತ್ತೇವೆ ಅಂತ ಶುರು ಮಾಡಿದೆ. ಸಾಕು ಸಾಕು ಅಂತ ಕೈ ಮುಗಿದಳು. ವಿಗ್ಗಿಗೆ ಯಾವುದು ಅಂತ ಕೇಳಿದಳು. ಅವರದರಲ್ಲಿ ‘ದಾಯ್’. ನಮ್ಮೂರಲ್ಲಿ ವಿಗ್ಗು ಹಾಕುವವರಿಲ್ಲ, ಕೂದಲು ಕಳಿಸುವವರಷ್ಟೇ ಅಂದೆ.

ಆಮೇಲೆ ನಿಘಂಟಿನ ಇನ್ನೊಂದು ಅರ್ಥ ಹಿಡಿದಳು. ಆಕೆ ಕೂದಲು ಉದ್ದ ಬಿಟ್ಟಿದ್ದಾಳೆ, ಗಿಡ್ಡ ಬಿಟ್ಟಿದ್ದಾಳೆ ಅನ್ನಲೂ ಇಂಗ್ಲಿಷಿನವರು ‘ವೇರ್’ ಅನ್ನುತ್ತಾರಲ್ಲ, ತಲೆಯಲ್ಲೇ ಹುಟ್ಟಿದ್ದನ್ನು ತೊಟ್ಟುಕೊಳ್ಳುವುದು ಹೇಗೆ? ಯಾಕೆ ಅಂತ ಕೇಳಬೇಡ, ಬಾಯಿಪಾಠ ಮಾಡು ಅಂದೆ. ಕಾಲೇಜಿನಲ್ಲೂ ಹೀಗೇ ಹೇಳುತ್ತಿದ್ದೆ.

ಒಳಗಿನಿಂದ ಸುನಿತಾಳ ದನಿ ಬಂತು. “ಅಕ್ಕಾ, ಚೀನಾದವರನ್ನರ ಬಿಡು ಮಾರಾಯ್ತಿ.”

ಎಷ್ಟೋ ದಿನಗಳ ಮೇಲೆ ಬಂದ ಚೇಷ್ಟೆಯ ಮಾತು. ಎದ್ದು ಹೋಗಿ ನೋಡಿದರೆ ಮತ್ತೆ ಗೋಡೆ ಕಡೆ ಹೊರಳಿದ್ದಾಳೆ. ಎರಡನೆಯ ಇಂಜೆಕ್ಷನ್ ಆದ ಮೇಲೆ ಉಳಿದ ಕೂದಲೂ ದಿಂಬಿಗೆ ಹತ್ತಿತು. ಮುಂದಿನದಕ್ಕೆ ಬರುವುದಿಲ್ಲ ಅನ್ನುತ್ತಿದ್ದಾಳೆ. “ವಿಗ್ಗ ಬರ್ಲಿ. ಆಮ್ಯಾಲೆ ಹುಬ್ಬಳ್ಳಿಗೂ ಬರ್ತೀನಿ, ಸಾಲಿಗೂ ಹೋಗ್ತೀನಿ. ಹಿಂಗ ಬೋಳ ತಲಿಲೆ ಹೊಸ್ತಿಲಾ ದಾಟಂಗಿಲ್ಲ.” ಡಾಕ್ಟರು ತಡ ಮಾಡಬೇಡಿ ಅಂದಿದ್ದಾರೆ. ಎರಡು ಸುಳಿಯವರಿಗೆ ಹಟ ಜಾಸ್ತಿ ಅಂತ ಅವ್ವ ಸುಮ್ಮನೆ ಅನ್ನುತ್ತಿರಲಿಲ್ಲ. ಮಕ್ಬುಲಸಾಬನಿಗೆ ಫೋನು ಮಾಡಿ ದಬಾಯಿಸಿದೆ. ಉರುಸಿನ ನಾಟಕಗಳು ಮುಗಿಯಲಿ, ಬರುತ್ತೇನೆ ಅಂದ. ಅವನು ನಾಟಕ ಕಂಪನಿಗಳಿಗೆ ಟೋಪನ್, ಅಂದರೆ ವಿಗ್ಗು, ಹೆಣೆಯುವವ.

ಜುಲೈ ೧೫, ಸೋಮವಾರ



ಮಕ್ಬುಲಸಾಬ ಬೆಳಗ್ಗೆ ದಾರ ಹಿಡಿದುಕೊಂಡು ತಲೆಯ ಅಳತೆಗೆ ಬಂದ. ಸುನಿತಾ ಅವನ ಮುಂದೆ ಶಾಲು ತೆಗೆಯಲಾರಳು ಅಂತ ಅವನೇ ತಿಳಿದುಕೊಂಡ. “ನೀವ ಅಳತಿ ತಗೀರಿ ಅಕ್ಕಾರ, ನಾ ಹೊರಗ ಕುಂತಿರ್ತೀನಿ. ಕಿವಿಯಿಂದ ಕಿವಿಗೆ ಒಂದ ಗಂಟ, ಹಣಿಯಿಂದ ಹೆಡಕಿಗೆ ಒಂದ ಗಂಟ ಹಾಕ್ರಿ, ಸಾಕು,” ಅಂದ. ಹಾಗೇ ಮಾಡಿದೆ. ಸುನಿತಾ ಕಣ್ಣು ಮುಚ್ಚಿ ಕೂತಿದ್ದಳು. ಮುಖದಲ್ಲಿ ಒಂದಿಷ್ಟು ಗೆಲುವಿತ್ತು.

ಕೂದಲು ತರಲು ಅಪ್ಪ ಅವನನ್ನು ಗೋದಾಮಿಗೆ ಕರೆದುಕೊಂಡು ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ನಾನೇ ಹೋದೆ. ಎಣ್ಣೆ, ಬೆವರು, ಸೋಪಿನ ಪುಡಿ ಎಲ್ಲಾ ಬೆರೆತ ಆ ವಾಸನೆ ನನಗೆ ಚಿಕ್ಕಂದಿನಿಂದ ಆಗದು. ಅಪ್ಪ ಸಾಲು ಚೀಲಗಳ ನಡುವೆ ನೆಲದ ಮೇಲೆ ಕೂತಿದ್ದ. ಸುನಿತಾಳ ಕೂದಲು ಇಟ್ಟಿದ್ದ, ದೇವರ ಫೋಟೋದ ಕೆಳಗಿನ ಹಲಗೆ ಖಾಲಿ.

ಆಗಿದ್ದು ಇಷ್ಟು. ಆ ದಿನ ಸುನಿತಾಳ ಕೂದಲನ್ನು ಅಪ್ಪ ಬಟ್ಟೆಯಲ್ಲಿ ಸುತ್ತಿ ಹಾಗೇ ಇಡಬೇಕಿತ್ತು. ಇಡಲಿಲ್ಲ. ಗೋದಾಮಿಗೆ ತಂದು, ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು ಬಾಚಿ, ಬುಡ ಸಮ ಮಾಡಿ, ಕೆಂಪು ದಾರ ಸುತ್ತಿ ಕಟ್ಟು ಕಟ್ಟಿದ್ದಾನೆ. ಎಲ್ಲಕ್ಕಿಂತ ಉದ್ದದ ಸರಕಿಗೆ ನಮ್ಮಲ್ಲಿ ಕೆಂಪು ದಾರ. “ಅಳಕೋತ ಕುಂತಿದ್ನಿ. ಕೈ ತಾನಾ ಕಟ್ಟಿತು ಲಲಿತಾ. ಹುಟ್ಟಿದಾಗಿಂದ ಕೂದಲಾ ಹಂಗಾ ಕಟ್ಟೇನಿ, ಬ್ಯಾರೆ ಹ್ಯಾಂಗ ಕಟ್ಟೂದು ನನಗ ಗೊತ್ತಿಲ್ಲ,” ಅಂದ. ಜೂನ್ ಕೊನೆಗೆ ಲೋಡು ಹೊರಟಾಗ ಸಿಕ್ಕು ಬಿಡಿಸುವ ಹೆಂಗಸರ ಹಿರಿಯಳು ಮೆಹಬೂಬಬೀ, ದೇವರ ಹಲಗೆಯ ಮೇಲೆ ಒಂದು ಕೆಂಪು ದಾರದ ಕಟ್ಟು ಉಳಿದಿದೆ ಅಂತ ಅದನ್ನೂ ಕೆಂಪು ದಾರದ ಚೀಲಕ್ಕೆ ಹಾಕಿದ್ದಾಳೆ.

ಅವಳ ಮೇಲೆ ಹರಿಹಾಯ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ.  “ಸಾವ್ಕಾರ್ರ ಕೈಲೆ ಕಟ್ಟಿದ್ದು, ಕೆಂಪ ದಾರ. ಸರಕಲ್ಲ ಅಂತ ನಾ ಹ್ಯಾಂಗ ತಿಳೀಬೇಕಿತ್ರಿ ಅಕ್ಕಾರ,” ಅಂತ ಒಂದೇ ಸಲ ಅಂದಳು.

ಸುನಿತಾಗೆ ಏನೂ ಹೇಳಿಲ್ಲ. ಮಕ್ಬುಲಸಾಬ ಕೆಲಸ ಶುರು ಮಾಡಿದ್ದಾನೆ ಅಂದಿದ್ದೇನೆ.

ಜುಲೈ ೧೬, ಮಂಗಳವಾರ

ರೂಬಿಗೆ ಎಲ್ಲಾ ಬರೆದೆ. ಲೋಡು ಇನ್ನೂ ಹಡಗಿನಲ್ಲಿದೆಯಂತೆ. ಬಂದ ದಿನವೇ ತಾನೇ ಗೋದಾಮಿಗೆ ಹೋಗಿ ಹುಡುಕುತ್ತೇನೆ ಅಂದಳು. ಗುರುತು ಏನು ಅಂತ ಕೇಳಿದಳು. ಮೊಣಕಾಲುದ್ದ, ಕಪ್ಪು, ತುದಿ ಸ್ವಲ್ಪ ಕೆಂಚು, ಕೆಂಪು ದಾರ. ಬರೆದು ಮುಗಿಸಿದ ಮೇಲೆ ಅನ್ನಿಸಿತು, ಇದು ಈ ಜಿಲ್ಲೆಯ ಅರ್ಧ ಹೆಣ್ಣುಮಕ್ಕಳ ಗುರುತು.

ಆದರೂ ಆಸೆ ಬಂದಿದೆ. ಸಂಜೆ ಒಂದು ರೊಟ್ಟಿ ಹೆಚ್ಚು ತಿಂದೆ.

ಜುಲೈ ೨೨, ಸೋಮವಾರ

ರೂಬಿ ಫೋಟೋ ಕಳಿಸಿದ್ದಾಳೆ. ನಮ್ಮ ಗೋದಾಮಿನಂಥ ಹತ್ತು ಗೋದಾಮು ಹಿಡಿಸುವ ಒಂದು ಹಾಲ್. ನೆಲದಿಂದ ಸೂರಿನವರೆಗೆ ಕಟ್ಟುಗಳು. ನಮ್ಮ ಚೀಲಗಳನ್ನು ಬಿಚ್ಚಿ, ಬೇರೆ ವ್ಯಾಪಾರಿಗಳ ಸರಕಿನ ಜೊತೆ ಆಗಲೇ ಸುರಿದಾಗಿದೆ. ಎಲ್ಲೆಲ್ಲೂ ಕೆಂಪು ದಾರ. ಅವಳು ಊಟ ಬಿಟ್ಟು ಮಧ್ಯಾಹ್ನವೆಲ್ಲ ಅದರಲ್ಲಿ ಕೈಯಾಡಿಸಿದ್ದಾಳೆ. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದಳು: ಇದರಲ್ಲಿ ನಿಮ್ಮ ತಂಗಿ ಯಾರು?

‘ತಂಗಿಯ ಕೂದಲು ಯಾವುದು’ ಅಂತ ಬರೆಯಬೇಕು ಅಂತ ತಿದ್ದಿ ಕಳಿಸಿದೆ. ಕಳಿಸಿದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾಳೆ ಎಲ್ಲವನ್ನೂ ಔಷಧದ ತೊಟ್ಟಿಗೆ ಹಾಕಿ ಬಣ್ಣ ತೆಗೆಯುತ್ತಾರಂತೆ.

ಇಂಜೆಕ್ಷನ್ನಿನ ದಿನ ಆಗಲೇ ದಾಟಿಹೋಗಿದೆ. ಇನ್ನು ಕಾಯುವ ಹಾಗಿಲ್ಲ. ನಾನು ನಿರ್ಧಾರ ಮಾಡಿದೆ: ಗೋದಾಮಿನಲ್ಲಿರುವ ಬೇರೆ ಕೂದಲಿನಿಂದ ವಿಗ್ಗು ಮಾಡಿಸುವುದು, ಅವಳದೇ ಅಂತ ಹೇಳುವುದು. ಅಪ್ಪ ತಲೆ ಅಲ್ಲಾಡಿಸಿದ. “ಕೂದಲ ವಿಷಯದಾಗ ಆಕಿಗೆ ಸುಳ್ಳ ಹೇಳೂದು ಹ್ಯಾಂಗ ಲಲಿತಾ. ಆಕಿ ಈ ಮನ್ಯಾಗ ಬೆಳದಾಕಿ.” ಹಾಗಾದರೆ ನೀನೇ ಹೋಗಿ ನಿಜ ಹೇಳು ಅಂದೆ. ಎದ್ದು ಗೋದಾಮಿಗೆ ಹೋದ. ಉಳಿದ ಹೊತ್ತೆಲ್ಲ ಕಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದನ್ನೇ ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಸಂಜೆಗೆ ಒಂದನ್ನು ಆರಿಸಿದ. ಕುಷ್ಟಗಿ ಕಡೆಯ ಹಳ್ಳಿಗಳಿಂದ ಬಂದದ್ದು ಅಂತ ಮೆಹಬೂಬಬೀ ಹೇಳಿದಳು. ಯಾರದು ಅಂತ ಅವಳಿಗೂ ಗೊತ್ತಿಲ್ಲ.

ಆಗಸ್ಟ್ ೯, ಶುಕ್ರವಾರ. ಪಂಚಮಿ

ವಿಗ್ಗು ಬಂತು. ಮಕ್ಬುಲಸಾಬ ಮರದ ಗೊಂಬೆಯ ತಲೆಗೆ ಹಾಕಿ, ಮೇಲೊಂದು ಹೊಸ ಟವಲ್ ಮುಚ್ಚಿಕೊಂಡು ತಂದಿದ್ದ. ಓಣಿಯಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೆಣ್ಣುಮಕ್ಕಳ ಗದ್ದಲ ಒಳಗಿನ ಕೋಣೆಗೂ ಕೇಳಿಸುತ್ತಿತ್ತು.

ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಸುನಿತಾಳ ಮುಂದೆ ಇಟ್ಟ. ಅವಳು ಮುಟ್ಟಿ ನೋಡಿದಳು. ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದಳು. ಮೂಗಿನ ಹತ್ತಿರ ತಂದಳು.  ಆಮೇಲೆ ಅಪ್ಪನ ಮುಖ ನೋಡಿ, “ಛಲೋ ಆಗೈತಪ್ಪ,” ಅಂದಳು.

ನಾನೇ ಹಾಕಿದೆ. ಬಾಚಣಿಗೆ ತೆಗೆದುಕೊಂಡೆ, ಅಪ್ಪ ಕಸಿದುಕೊಂಡ. “ನಾ ಬಾಚ್ತೀನಿ ತಡಿ.” ಜೀವಮಾನವೆಲ್ಲ ಯಾರ್ಯಾರದೋ ಕೂದಲು ಬಾಚಿದವ, ಮಗಳ ತಲೆ ಬಾಚಿದ್ದನ್ನು ನಾನು ನೋಡಿದ್ದೇ ಇಲ್ಲ. ಅದು ಹೆಂಗಸರ ಕೆಲಸ ಅಂತ ನನಗೆ ಬಿಟ್ಟಿದ್ದ. ನಿಧಾನಕ್ಕೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಸೊಟ್ಟಪಟ್ಟ ಜಡೆ ಹಾಕಿದ. ಮಲ್ಲಿಗೆ ಮುಡಿಸಿದ. ಸುನಿತಾ ಕನ್ನಡಿ ನೋಡಿ, “ನನ್ನ ಬೈತಲಿ ಹುಟ್ಟಾ ಹಿಂಗ ನೆಟ್ಟಗ ಬಂದಿರಲಿಲ್ಲ,” ಅಂದಳು. ಮೂವರೂ ನಕ್ಕೆವು. ಎದ್ದು ಹೊಸ್ತಿಲು ದಾಟಿ, ಓಣಿಯವರೆಲ್ಲ ನೋಡುವ ಹಾಗೆ ಜೋಕಾಲಿಯಲ್ಲಿ ಕೂತಳು. ಎರಡು ಸಲ ಜೀಕಿದ್ದಕ್ಕೇ ದಣಿವಾಯಿತು, ಇಳಿಸಿಕೊಂಡೆ.

ಅವಳಿಗೆ ಏನೂ ಗೊತ್ತಾಗಲಿಲ್ಲ. ನಾನು ಮಾಡಿದ್ದೇ ಸರಿ. ಸೋಮವಾರ ಹುಬ್ಬಳ್ಳಿಗೆ ಬರಲು ಒಪ್ಪಿದ್ದಾಳೆ.

ಆಗಸ್ಟ್ ೨೧, ಬುಧವಾರ

ವಾಂತಿ. ಬಾಯಿ ತುಂಬ ಹುಣ್ಣು. ಬೆಳಗ್ಗೆ ಗಂಜಿ, ಅದೂ ನಿಲ್ಲಲಿಲ್ಲ.

‘ವೇರ್’ಗೆ ಇನ್ನೂ ಅರ್ಥಗಳಿವೆ. ಚಪ್ಪಲಿ ಸವೆಯುವುದಕ್ಕೂ ಅದೇ, ಮನುಷ್ಯ ಸೋತು ಸುಣ್ಣವಾಗುವುದಕ್ಕೂ ಅದೇ, ನೋವಿನ ಗುಳಿಗೆಯ ಪ್ರಭಾವ ಇಳಿಯುವುದಕ್ಕೂ ಅದೇ. ಉದಾಹರಣೆ ಬರೆಯಲು ಮನಸ್ಸಾಗಲಿಲ್ಲ.

ಸೆಪ್ಟೆಂಬರ್ ೫, ಗುರುವಾರ

ಶಿಕ್ಷಕರ ದಿನಾಚರಣೆಗೆ ಸುನಿತಾ ಶಾಲೆಗೆ ಹೋಗಿ ಬಂದಳು. ಜೊತೆಗೆ ನಾನು. ಅಪ್ಪ ಕಾರು ಹೇಳುತ್ತೇನೆ ಅಂದ, ಅವಳು ಕೇಳಲಿಲ್ಲ. ದಿನಾ ಹೋಗುತ್ತಿದ್ದ ಬಸ್ಸೇ ಆಗಬೇಕಂತೆ. ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಕುಪ್ಪಸ ಸಡಿಲಾಗಿತ್ತು, ಒಳಗಿನಿಂದ ಪಿನ್ನು ಹಾಕಿದೆ. ಜಡೆ ಅಪ್ಪನೇ ಹಾಕಿದ್ದ. ಈಗ ಸೊಟ್ಟಗೆ ಬರುವುದಿಲ್ಲ, ಕೈ ಕೂತಿದೆ.

ಎರಡನೆಯ ಇಯತ್ತೆಯ ಮಕ್ಕಳು ಗೇಟಿನಲ್ಲೇ ಮುತ್ತಿಕೊಂಡರು. ಒಬ್ಬಳು ಚೋಟುದ್ದದ ಹುಡುಗಿ ಜಡೆಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಹಳೇ ರೂಢಿಯಿರಬೇಕು. “ಟೀಚರ್, ನಿಮ್ಮ ಕೂದಲಾ ಬ್ಯಾರೆ ವಾಸನಿ ಬರಾಕತ್ತೈತ್ರಿ,” ಅಂದಳು.  ಸುನಿತಾ ಬಗ್ಗಿ, “ಹೊಸ ಎಣ್ಣಿ ಹಚ್ಚೇನವ್ವಾ,” ಅಂದಳು. ಮಗು ಒಪ್ಪಿಕೊಂಡಿತು. ಸುನಿತಾ ಮಕ್ಕಳಿಂದ ಒಂದು ಪದ್ಯ ಹೇಳಿಸಿದಳು, ಹೋಳಿಗೆ ತಿಂದವಳ ಹಾಗೆ ಮುಖ ಅರಳಿಸಿಕೊಂಡು ಕೂತಿದ್ದಳು. ಇಂಥ ಮುಖಕ್ಕೂ ಇಂಗ್ಲಿಷಿನಲ್ಲಿ ‘ವೇರ್’ ಅನ್ನಬಹುದು, ನಗುವನ್ನು ತೊಟ್ಟುಕೊಂಡಿದ್ದಳು ಅಂತ. ಆದರೆ ಇದು ತೊಟ್ಟ ನಗುವಲ್ಲ.

ಬರುವಾಗ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ವಿಗ್ಗು ಜಾರಿತು. ಬಸ್ಸಿನವರು ನೋಡುವ ಮೊದಲು ಸೆರಗು ಮುಚ್ಚಿದೆ.

ಸೆಪ್ಟೆಂಬರ್ ೨೦, ಶುಕ್ರವಾರ

ಹುಬ್ಬಳ್ಳಿ. ಸ್ಕ್ಯಾನಿನಲ್ಲಿ ಲಿವರಿಗೆ ಹರಡಿದೆ. ಡಾಕ್ಟರು ನನ್ನೊಬ್ಬಳಿಗೇ ಇಂಗ್ಲಿಷಿನಲ್ಲಿ ಹೇಳಿದರು. ಇನ್ನು ಇಂಜೆಕ್ಷನ್ ಕೊಟ್ಟರೆ ಹಿಂಸೆಯಷ್ಟೇ, ಮನೆಗೆ ಕರೆದುಕೊಂಡು ಹೋಗಿ, ನೋವಾಗದ ಹಾಗೆ ನೋಡಿಕೊಳ್ಳಿ. ಎಲ್ಲಾ ವಾಕ್ಯಗಳೂ ಸರಿಯಾಗಿದ್ದವು, ತಿದ್ದುವುದಕ್ಕೆ ಏನೂ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಪ್ಪ, ಸುನಿತಾ. “ಏನಂದ್ರವ್ವಾ?” ಅಪ್ಪ ಕೇಳಿದ. ಸ್ವಲ್ಪ ದಿನ ವಿಶ್ರಾಂತಿ ಕೊಡೋಣ ಅಂದಾರ ಅಂದೆ. ಅಪ್ಪ ನಂಬಿದ. ಸುನಿತಾ ಕಾಲಿನ ಚಪ್ಪಲಿ ನೋಡುತ್ತಾ ಕೂತಿದ್ದಳು.

ಮೂರು ವಾರ ತಡವಾದ ಒಂದು ಇಂಜೆಕ್ಷನ್ನಿಂದ ಹೀಗಾಯಿತೇ ಅಂತ ಡಾಕ್ಟರನ್ನು ಕೇಳಬೇಕಿತ್ತು. ಧೈರ್ಯವಾಗಲಿಲ್ಲ.

ಅಕ್ಟೋಬರ್ ೮, ಮಂಗಳವಾರ

ಪಾಠ ಇನ್ನೂ ಕಳಿಸಿಲ್ಲ. ರೂಬಿ ಅವಸರವಿಲ್ಲ ಅಂತ ಬರೆದಿದ್ದಾಳೆ.

ಮಧ್ಯಾಹ್ನ ಸುನಿತಾ ಮಲಗಿದ ಮೇಲೆ ಗೋದಾಮಿಗೆ ಹೋಗಿದ್ದೆ. ಸುಮ್ಮನೆ. ಮೆಹಬೂಬಬೀ ಏನೂ ಕೇಳದೆ ಪಕ್ಕದಲ್ಲಿ ಗೋಣಿ ಹಾಸಿ, ಒಂದು ಮುದ್ದೆ ಸಿಕ್ಕು ಕೂದಲು ನನ್ನ ತೊಡೆಯ ಮೇಲಿಟ್ಟಳು. ಸೂಜಿ ಹಾಕಿ ಒಂದೊಂದೇ ಎಳೆ ಬಿಡಿಸುವುದು. ಎಳೆದರೆ ಹರಿಯುತ್ತದೆ. ಸಂಜೆಯವರೆಗೂ ಕೂತಿದ್ದೆ. ಅವಳ ಮೊಮ್ಮಗನಿಗೆ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆಯಂತೆ.

ಮೂಗಿಗೆ ಸೆರಗು ಕಟ್ಟಿಕೊಳ್ಳಲು ಮರೆತಿದ್ದೆ ಅಂತ ಮನೆಗೆ ಬಂದ ಮೇಲೆ ನೆನಪಾಯಿತು.

ಅಕ್ಟೋಬರ್ ೨೧, ಸೋಮವಾರ

ಬಿಸಿನೀರಿನ ಬಟ್ಟೆಯಲ್ಲಿ ಸುನಿತಾಳ ತಲೆ ಒರೆಸುತ್ತಿದ್ದೆ. ಅಂಗೈಗೆ ಏನೋ ಚುಚ್ಚಿತು. ಕಿಟಕಿ ತೆರೆದು ನೋಡಿದೆ. ಕೂದಲು ಬರುತ್ತಿದೆ. ಎಳೆಗೂಸಿನ ತಲೆಯ ಹಾಗೆ, ನೆತ್ತಿ ತುಂಬ. ಇಂಜೆಕ್ಷನ್ ನಿಲ್ಲಿಸಿದ್ದಕ್ಕೆ ಬರುತ್ತಿದೆ, ಅಷ್ಟೇ. ಅಷ್ಟೇ ಅಂತ ಗೊತ್ತಿದ್ದೂ ನನಗೆ ಅಳು ತಡೆಯಲಾಗಲಿಲ್ಲ.

ಸುನಿತಾ ಕೈ ಎತ್ತಿ ಮುಟ್ಟಿಕೊಂಡಳು. ಬಹಳ ಹೊತ್ತು ಸವರಿಕೊಂಡಳು. ಆಮೇಲೆ ಗೊಂಬೆಯ ತಲೆಗೆ ಹಾಕಿಟ್ಟ ವಿಗ್ಗಿನ ಕಡೆ ಕಣ್ಣು ಮಾಡಿ, “ಅಕ್ಕಾ, ಅದನ್ನ ಕಪಾಟಿನಾಗ ಜ್ವಾಕಿಲೆ ಇಡು. ನನ್ನ ಜೋಡಿ ಮಣ್ಣಾಗ ಹಾಕಬ್ಯಾಡ್ರಿ,” ಅಂದಳು.

ಏನು ಮಾತಾಡುತ್ತೀ ಅಂತ ಗದರಿದೆ.

“ಅದು ಯಾವಾಕಿದೋ ಏನೋ. ಆಕಿ ಎಲ್ಲೋ ಜೀವಂತ ಅದಾಳ. ಆಕಿ ಕೂದಲ ಯಾಕ ಮಣ್ಣ ಮಾಡ್ತೀರಿ? ಅದು ಛಲೋ ಅಲ್ಲ.”

 ಯಾವಾಗ ಗೊತ್ತಾಯಿತು ಅಂತ ಕೇಳಿದೆ.

“ಪಂಚಮಿ ದಿನಾನಾ. ಕೈಯಾಗ ಹಿಡದ ಕೂಡಲೇ. ಕೂದಲ ಸಾವ್ಕಾರನ ಮಗಳು ನಾ, ನಿನ್ನಂಗ ಇಂಗ್ಲಿಷ್ ಓದಿದಾಕಿ ಅಲ್ಲ.” ಆ ಸ್ಥಿತಿಯಲ್ಲೂ ನಕ್ಕಳು.

ಮತ್ತೆ ಯಾಕೆ ಸುಮ್ಮನಿದ್ದೆ?

“ಅಪ್ಪನ ಕೈ ನಡಗಾಕತ್ತಿದ್ದು ನೋಡಿದಿಲ್ಲೇನು? ಆಮ್ಯಾಗ ಬಾಚಾಕ ಕುಂತ. ಹುಟ್ಟಿದಾಗಿಂದ ಒಮ್ಮಿನೂ ಅಂವ ನನ್ನ ತಲಿ ಬಾಚಿದ್ದಿಲ್ಲಕ್ಕಾ. ಹ್ಯಾಂಗ ಬ್ಯಾಡನ್ಲಿ?” ಉಸಿರು ತೆಗೆದುಕೊಂಡು, “ಅಪ್ಪಗ ಹೇಳಬ್ಯಾಡ. ನಾ ನಂಬೇನಿ ಅಂತ ಅಂವ ನಂಬ್ಯಾನ,” ಅಂದಳು.

ತನ್ನ ಕೂದಲಿಗೆ ಆದದ್ದೇನು ಅಂತ ಕೇಳುತ್ತಾಳೆ ಅಂದುಕೊಂಡೆ. ಕೇಳಲೇ ಇಲ್ಲ. ಕೆಂಪು ದಾರದ ವಿಷಯ ನಾನಾಗಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು. “ಪಾಪ, ಅಪ್ಪ,” ಅಂದಳು.

ನವೆಂಬರ್ ೪, ಸೋಮವಾರ

ದೀಪಾವಳಿ ಆಯಿತಂತೆ. ಓಣಿಯಲ್ಲಿ ಪಟಾಕಿ. ಸುನಿತಾ ಕಣ್ಣು ತೆರೆಯುವುದು ಕಡಿಮೆ. ಅಪ್ಪ ದಿನಾ ವಿಗ್ಗನ್ನು ತೊಡೆಯ ಮೇಲಿಟ್ಟುಕೊಂಡು ಬಾಚಿ ಎಣ್ಣೆ ಹಚ್ಚುತ್ತಾನೆ.

ನವೆಂಬರ್ ೧೨, ಮಂಗಳವಾರ

ನಿನ್ನೆ ಬೆಳಗಿನ ಜಾವ ಸುನಿತಾ ಹೋದಳು. ನಾನು ಕೈ ಹಿಡಿದಿದ್ದೆ.

ಬರೆಯಬೇಕಾದದ್ದು ಒಂದಿದೆ. ಓಣಿಯ ಹೆಂಗಸರು ಮೈ ತೊಳೆಸಿ, ಹಸಿರು ಇಳಕಲ್ ಉಡಿಸಿ, ಗೋಡೆಗೆ ಒರಗಿಸಿ ಕೂಡಿಸಿದರು. ವಿಭೂತಿ ಹಚ್ಚಿದರು. ಪಕ್ಕದ ಮನೆ ಕಳಕಮ್ಮ, “ಬೋಳ ತಲಿಲೆ ಕಳಸಬಾರದವ್ವಾ, ಟೋಪನ್ ಐತೆಲ್ಲ, ಅದನ್ನ ಹಾಕ್ರಿ,” ಅಂದಳು. ಅಷ್ಟರಲ್ಲಿ ಅಪ್ಪನೇ ಒಳಗಿನಿಂದ ಬಂದ. ವಿಗ್ಗನ್ನು ಬಾಚಿ, ಜಡೆ ಹೆಣೆದು, ತುದಿಗೆ ಕುಚ್ಚು ಕಟ್ಟಿ ತಂದಿದ್ದ. ಇನ್ನೊಂದು ಕೈಯಲ್ಲಿ ಮಲ್ಲಿಗೆ.

“ಆಕಿ ಕೂದಲಾ ಆಕಿ ಜೋಡಿನಾ ಹೋಗ್ಲಿ,” ಅಂದ. ನನ್ನನ್ನು ನೋಡಲಿಲ್ಲ.

ಬೇಡ ಅಂದರೆ ಯಾಕೆ ಅಂತ ಹೇಳಬೇಕು. ಅವಳಿಗೆ ಎಲ್ಲಾ ಗೊತ್ತಿತ್ತು ಅಂತ ಹೇಳಿದರೆ ಈ ಮೂರು ತಿಂಗಳು ದಿನಾ ಬೆಳಗ್ಗೆ ಬಾಚಿದ್ದೆಲ್ಲ ಅವನ ಮಟ್ಟಿಗೆ ಸುಳ್ಳಾಗುತ್ತದೆ. ಸುಮ್ಮನಿದ್ದರೆ ತಂಗಿ ಕೇಳಿದ ಒಂದೇ ಒಂದು ಮಾತು ನಡೆಯುವುದಿಲ್ಲ.  

ಎದ್ದು ಹೋಗಿ ವಿಗ್ಗನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮೆಹಬೂಬಬೀಗೆ ಕೊಟ್ಟೆ. ಅಪ್ಪನ ಬಲಗೈ ಹಿಡಿದು ಸುನಿತಾಳ ನೆತ್ತಿಯ ಮೇಲಿಟ್ಟೆ.

ಅಪ್ಪ ಮೊದಲು ಬೆದರಿದ. ಆಮೇಲೆ ಬೆರಳು ಆಡಿದವು. ಅವನ ಬೆರಳು ಕೂದಲ ಮೇಲೆ ಸುಮ್ಮನೆ ಇರಲಾರವು. ಹಿಂದಿನಿಂದ ಮುಂದಕ್ಕೆ ಸವರಿದ, ಎಡಕ್ಕೆ ತಿರುವಿದ, ಬಲಕ್ಕೆ ತಿರುವಿದ. ಉಗುರುದ್ದವೂ ಇಲ್ಲದ ಕೂದಲು, ನೆತ್ತಿಯಲ್ಲಿ ಎರಡು ಸುಳಿಯಾಗಿ ತಿರುಗಿತ್ತು.

“ಎರಡೂ ಬಂದಾವು,” ಅಂದ ಅಪ್ಪ. “ಇದು ಸುನೀದು. ಇದು ನಮ್ಮ ಸುನೀದ ಕೂದಲಾ.”

ಅಲ್ಲಿಯವರೆಗೆ ಅಳದಿದ್ದವ ಅಲ್ಲೇ ಕುಸಿದು ಕೂತು ಅತ್ತ. ವಿಗ್ಗಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮಲ್ಲಿಗೆ ಮುಡಿಸಲು ನೋಡಿದ, ನಿಲ್ಲುವಷ್ಟು ಕೂದಲಿರಲಿಲ್ಲ, ಜಾರಿ ಬಿತ್ತು. ಮತ್ತೆ ಎತ್ತಿ ಕಿವಿಯ ಸಂದಿಗೆ ಇಟ್ಟ. ಹೊತ್ತುಕೊಂಡು ಹೋಗುವವರೆಗೂ ಅದನ್ನು ಬೆರಳಿನಿಂದ ಒತ್ತಿ ಹಿಡಿದಿದ್ದ.

ನವೆಂಬರ್ ೨೫, ಸೋಮವಾರ

ಇವತ್ತು ಪಾಠ ಕಳಿಸಿದೆ. ಬಟ್ಟೆ, ಬೂಟು, ಚಾಳೀಸು, ಸವೆಯುವುದು, ಇಳಿಯುವುದು, ಎಲ್ಲಾ ಬರೆದೆ. ತಲೆಯಲ್ಲೇ ಹುಟ್ಟಿದ ಕೂದಲಿಗೂ ‘ವೇರ್’ ಬರುತ್ತದೆ ಅನ್ನುವಲ್ಲಿ ಉದಾಹರಣೆ ಬೇಕಿತ್ತು. ನನ್ನ ತಂಗಿ ಕೂದಲು ಗಿಡ್ಡ ಬಿಟ್ಟಿದ್ದಳು ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ. ಮೈ ಸಿಸ್ಟರ್ ವೋರ್ ಹರ್ ಹೇರ್ ಶಾರ್ಟ್.

ರೂಬಿ ತಕ್ಷಣ ಓದಿದಳು. ಬಿಟ್ಟಿದ್ದಾಳೆ ಅಂತಲ್ಲವೇ, ಬಿಟ್ಟಿದ್ದಳು ಅಂತ ಯಾಕೆ ಬರೆದಿರಿ ಅಂತ ಕೇಳಿದಳು. ಹೇಳಿದೆ. ಅವಳಿಂದ ಒಂದು ಸಾಲು ಬಂತು. ಐ ಆಮ್ ಪೇನ್ ವಿತ್ ಯು.

ಅರ್ಥವಾಯಿತು ರೂಬಿ ಅಂತ ಬರೆದೆ.

ಸುನಿತಾ ಹೋದ ಮೇಲೆ ಅಪ್ಪ ಇವತ್ತು ಮೊದಲ ಸಲ ಗೋದಾಮಿನ ಬಾಗಿಲು ತೆಗೆದ. ಹೊಸ ಸರಕು ಬಂದಿದೆ, ಉದ್ದನೆಯದು. ಕಟ್ಟಿನ ಬುಡ ಸಮ ಮಾಡಿ, ಕೆಂಪು ದಾರದ ಉಂಡೆ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದ. ಮೆಹಬೂಬಬೀ ನನ್ನ ಮುಖ ನೋಡಿದಳು. ನಾನು ಹೋಗಿ ಕಟ್ಟನ್ನು ಅವನ ಎದುರು ಬಿಗಿಯಾಗಿ ಹಿಡಿದುಕೊಂಡೆ. ಅಪ್ಪ ದಾರ ಸುತ್ತತೊಡಗಿದ.